ಸಾಲಿನ ಮಧ್ಯ ನಿಂತ ಸ್ವೆಟರ್

ಅಕ್ಟೋಬರ್ ಮೊದಲ ವಾರ ಅವರು ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದರು. ಕೈಯಲ್ಲಿ ಮೂಳೆ ಡಾಕ್ಟರು ಬರೆದುಕೊಟ್ಟ ಚೀಟಿ, ಹೆಗಲಿಗೆ ಒಂದು ದೊಡ್ಡ ಬಟ್ಟೆ ಚೀಲ. 62 ವರ್ಷ, ಮೈಸೂರಿನವರು, ಪ್ರೈಮರಿ ಸ್ಕೂಲಿನಲ್ಲಿ ಟೀಚರ್ ಆಗಿದ್ದು ನಿವೃತ್ತರಾದವರು. ಹೆಸರು ಹೇಳುವುದಿಲ್ಲ. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೇ ಓದಿ ಹೇಳಿ, ಅವರು ಆಗಲಿ ಎಂದ ಮೇಲೆ ಹಾಕುತ್ತಿದ್ದೇನೆ. ಇಲ್ಲಿ ಅವರನ್ನು ಟೀಚರ್ ಅಂತಲೇ ಕರೆಯುತ್ತೇನೆ.

ಚೀಟಿಯಲ್ಲಿದ್ದದ್ದು ಮೂರೇ ಸಾಲು. ಬಲಗೈ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಕಾರ್ಪಲ್ ಟನಲ್. ಹೆಣಿಗೆ ಕಡಿಮೆ ಮಾಡಿ ಎಂದಾಗ ತುಂಬಾ ಅತ್ತರು. ದಯವಿಟ್ಟು ಮಾತಾಡಿಸಿ ನೋಡಿ.

ಈ ತೊಂದರೆ ಇರುವವರಿಗೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ, ಅದೂ ರಾತ್ರಿ ಜಾಸ್ತಿ. ನಿದ್ದೆಯಿಂದ ಎದ್ದು ಕೈ ಕೊಡವಿಕೊಳ್ಳುತ್ತಾರೆ. ಟೀಚರ್ ಕೂಡ ದಿನಾ ಎರಡು ಗಂಟೆಗೆ ಎದ್ದು ಕೂರುತ್ತಿದ್ದರು. ಎದ್ದವರು ಮತ್ತೆ ಮಲಗುತ್ತಿರಲಿಲ್ಲ, ದೀಪ ಹಾಕಿಕೊಂಡು ಸೂಜಿ ಹಿಡಿಯುತ್ತಿದ್ದರು.

"ನೋವು ಹೇಗೋ ತಡ್ಕೋಬಹುದು ಮೇಡಂ. ಡಿಸೆಂಬರ್ 20ಕ್ಕೆ ಮಗ ಬರ್ತಾನೆ, ಇನ್ನೂ ಎರಡೂವರೆ ಸ್ವೆಟರ್ ಬಾಕಿ ಇದೆ" ಅಂದರು.

ಮಗ ಇರುವುದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಚಳಿಗಾಲದಲ್ಲಿ ಅಲ್ಲಿ ಸೊನ್ನೆಗಿಂತ 15-20 ಡಿಗ್ರಿ ಕೆಳಗೆ ಹೋಗುವುದು ಮಾಮೂಲು. ಮಕ್ಕಳಿಗೆ ಕ್ರಿಸ್‌ಮಸ್ ರಜ ಸಿಗುವುದು ಎರಡು ವಾರ, ಅದಕ್ಕೆ ಇನ್ನೊಂದೆರಡು ದಿನ ಸೇರಿಸಿಕೊಂಡು ಊರಿಗೆ ಬರುತ್ತಾರೆ. ಟೀಚರಿಗೆ ಇಡೀ ವರ್ಷ ಅಂದರೆ ಆ ಎರಡು ವಾರ. ಗಣೇಶನ ಹಬ್ಬ ಮುಗಿದ ಮಾರನೇ ದಿನ ಉಣ್ಣೆ ತಂದು ಉಂಡೆ ಸುತ್ತಲು ಕೂರುತ್ತಾರೆ. ಮಗ, ಸೊಸೆ, ಮೊಮ್ಮಗ, ಮೊಮ್ಮಗಳು, ಒಟ್ಟು ನಾಲ್ಕು ಸ್ವೆಟರ್. ದೊಡ್ಡವರ ಒಂದಕ್ಕೆ ಸುಮಾರು 450 ಗ್ರಾಂ ಉಣ್ಣೆ, ಅರವತ್ತು ಗಂಟೆ ಕೆಲಸ ಎಂದು ಅವರೇ ಲೆಕ್ಕ ಹೇಳಿದರು. ಅವರು ಹೆಣೆಯುವುದು 10ನೇ ನಂಬರ್ ಸೂಜಿಯಲ್ಲಿ. ನಮ್ಮಲ್ಲಿ ನಂಬರ್ ದೊಡ್ಡದಾದಷ್ಟೂ ಸೂಜಿ ಸಣ್ಣ, 10 ಅಂದರೆ 3.25 ಮಿಲಿಮೀಟರ್. ನೇಯ್ಗೆ ಒತ್ತಾಗಿ, ಚೆಂದ ಬರುತ್ತೆ. ಕೈಗೆ ಮಾತ್ರ ಕಷ್ಟ.

ಮೊದಲ ದಿನ ನಾನೊಂದು ತಪ್ಪು ಮಾಡಿದೆ, ಅದನ್ನು ಮುಚ್ಚಿಡುವುದಿಲ್ಲ. ಕೈ ನೋಡಿ ಕನಿಕರ ಬಂತು. ಮೂರು ವಾರ ಸೂಜಿ ಮುಟ್ಟಬೇಡಿ, ವಾಕಿಂಗ್ ಹೋಗಿ, ಭಜನೆಗೆ ಹೋಗಿ ಎಂದುಬಿಟ್ಟೆ. ಡಾಕ್ಟರು ಕಡಿಮೆ ಮಾಡಿ ಅಂದಿದ್ದರು, ಬಿಟ್ಟೇಬಿಡಿ ಅಂದಿದ್ದು ನಾನು. ಮೇಷ್ಟ್ರ ಶಿಸ್ತು ನೋಡಿ, ಹೇಳಿದ ಹಾಗೆ ನಡೆದುಕೊಂಡರು. ಮೂರು ವಾರ ಬಿಟ್ಟು ಬಂದಾಗ ಮುಖ ಇಳಿದುಹೋಗಿತ್ತು. ಊಟ ಅರ್ಧಕ್ಕರ್ಧ ಕಡಿಮೆಯಾಗಿತ್ತು. ಕೈ ಸ್ವಲ್ಪ ಪರವಾಗಿಲ್ಲ ಅಂದರು. "ಸಂಜೆ ಐದು ಗಂಟೆ ಆದ್ರೆ ಕೈ ಎಲ್ಲಿಟ್ಕೊಳ್ಳಬೇಕು ಅಂತಾನೇ ಗೊತ್ತಾಗಲ್ಲ."

ಆ ಮಾತು ಕೇಳಿದ ಮೇಲೆಯೇ ನಾನು ಕೇಳಬೇಕಾದ್ದನ್ನು ಕೇಳಿದ್ದು. ಸಂಜೆ ಐದಕ್ಕೆ ಏನಿತ್ತು?

ಅವರ ಯಜಮಾನರು ತೀರಿಕೊಂಡು ಆಗ ಮೂರು ವರ್ಷವಾಗುತ್ತಾ ಬಂದಿತ್ತು. ಹೋದದ್ದು ಮಾರ್ಗಶಿರದಲ್ಲಿ, ಅಂದರೆ ಹೆಚ್ಚುಕಡಿಮೆ ಡಿಸೆಂಬರ್‌ನಲ್ಲಿ. ಅದಕ್ಕೂ ಮುಂಚೆ, ಮಗ ಓದಲು ಹೊರಟುಹೋದ ಮೇಲಿನ ಅಷ್ಟೂ ವರ್ಷ, ಸಂಜೆ ಐದರಿಂದ ಏಳರ ತನಕ ಇಬ್ಬರೂ ಜಗಲಿಯಲ್ಲಿ ಕೂರುತ್ತಿದ್ದರು. ಇವರು ಹೆಣೆಯುವುದು, ಅವರು ಪೇಪರ್ ಗಟ್ಟಿಯಾಗಿ ಓದುವುದು. ಚಳಿಗಾಲ ಬಂತೆಂದರೆ ಪೇಪರಿನ ಜೊತೆ ಮೊರದ ತುಂಬ ಅವರೆಕಾಯಿ. ಅವರು ಸುಲಿಯುತ್ತಾ, ಮಧ್ಯೆ ಮಧ್ಯೆ ಓದುತ್ತಾ, ಆ ಸೊಗಡಿನ ಎಣ್ಣೆ ಮೆತ್ತಿದ ಬೆರಳನ್ನು ಸುಮ್ನೆ ಇವರ ಮೂಗಿನ ಹತ್ತಿರ ಹಿಡಿಯುತ್ತಿದ್ದರಂತೆ. ಇದನ್ನು ಹೇಳುವಾಗ ಟೀಚರ್ ತಮ್ಮ ಬೆರಳನ್ನೇ ಮೂಗಿನ ಹತ್ತಿರ ತಂದರು, ತಂದದ್ದು ಅವರಿಗೆ ಗೊತ್ತಾಗಲಿಲ್ಲ.

ಹಾಗಾದರೆ ಹೆಣಿಗೆ ಇವರ ಕಾಯಿಲೆಯಲ್ಲ. ಇವರನ್ನು ಎತ್ತಿಹಿಡಿದಿದ್ದೇ ಅದು. ನಾನು ಅದನ್ನೇ ಕಿತ್ತುಕೊಂಡಿದ್ದೆ. 2013ರಲ್ಲಿ ಬ್ರಿಟನ್ನಿನ ಕೆಲವು ಸಂಶೋಧಕರು ಹಲವು ದೇಶಗಳ ಮೂರೂವರೆ ಸಾವಿರಕ್ಕೂ ಹೆಚ್ಚು ಹೆಣಿಗೆಗಾರರನ್ನು ಕೇಳಿ ಒಂದು ಸಮೀಕ್ಷೆ ಪ್ರಕಟಿಸಿದ್ದರು. ಪದೇ ಪದೇ ಹೆಣೆಯುವವರು ಮನಸ್ಸು ಶಾಂತವಾಗಿ, ಖುಷಿಯಾಗಿ ಇರುತ್ತೆ ಎಂದು ಹೇಳಿದ್ದೇ ಹೆಚ್ಚು. ನಾನದನ್ನು ಓದಿದ್ದೆ. ಓದಿದ್ದೂ ಎದುರಿಗೆ ಕೂತವರ ಕೈ ನೋಡಿದಾಗ ಹೊಳೆಯಲಿಲ್ಲ.

ಕ್ಷಮೆ ಕೇಳಿದೆ. ಸಲಹೆ ಬದಲಿಸಿದೆ. ಡಾಕ್ಟರ ಹತ್ತಿರ ಫೋನಿನಲ್ಲಿ ಮಾತಾಡಿ, ಅವರು ಸರಿ ಅಂದ ಮೇಲೆ ಹೀಗೆ ಮಾಡಿದೆವು: ಸಂಜೆ ಐದಕ್ಕೆ ಹೆಣೆಯಿರಿ, 20 ನಿಮಿಷಕ್ಕೆ ಅಲಾರಂ ಇಡಿ, ಹತ್ತು ನಿಮಿಷ ಕೈ ಚಾಚಿ ಮಡಚಿ ಬಿಡುವು ಕೊಡಿ, ಮತ್ತೆ 20 ನಿಮಿಷ, ಅಷ್ಟಕ್ಕೆ ಮುಗಿಯಿತು. ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿ ಮಲಗಿ, ಎಚ್ಚರವಾದರೂ ಸೂಜಿ ಬೇಡ. ಸೂಜಿ 10ರಿಂದ 8ಕ್ಕೆ ಬರಲಿ, 4 ಮಿಲಿಮೀಟರಿನದು, ಬಿದಿರಿನದ್ದಾದರೆ ಇನ್ನೂ ಹಗುರ. ಈ ಲೆಕ್ಕದಲ್ಲಿ ನಾಲ್ಕು ಸ್ವೆಟರ್ ಆಗಲ್ಲ ಎಂದು ಅವರಿಗೆ ತಕ್ಷಣ ಗೊತ್ತಾಯಿತು. ಲೆಕ್ಕದ ಟೀಚರ್ ಅಲ್ವಾ.

"ಆಗದಿದ್ರೆ ಏನಾಗುತ್ತೆ?" ಎಂದು ಕೇಳಿದೆ.

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಬೀರುವಿನ ವಿಷಯ ಹೊರಬಂತು.

ಅದೇ ವರ್ಷದ ಜನವರಿಯಲ್ಲಿ ಮಗನ ಮನೆಯವರನ್ನು ಬೆಂಗಳೂರಿಗೆ ಕಳಿಸಿ ಬಂದು, ಅವರು ಮಲಗಿದ್ದ ಕೋಣೆಯ ಬೀರು ತೆಗೆದಿದ್ದಾರೆ. ಕೆಳಗಿನ ಅರೆಯಲ್ಲಿ ನಾಲ್ಕು ಸ್ವೆಟರ್, ನೀಟಾಗಿ ಮಡಚಿ, ಇವರು ಕೊಟ್ಟಿದ್ದ ಅದೇ ಚೀಲದಲ್ಲಿ. ಅದನ್ನು ಯಾರಿಗೂ ಹೇಳಿಲ್ಲ, ಮಗನಿಗೂ ಇಲ್ಲ. ವಾರಕ್ಕೆ ಮೂರು ದಿನ ವಿಡಿಯೋ ಕಾಲ್ ಮಾಡುತ್ತಾರೆ, ಊಟ ಆಯ್ತಾ, ಅಲ್ಲಿ ಹಿಮ ಬಿತ್ತಾ ಎಂದು ಮಾತಾಡುತ್ತಾರೆ, ಒಂಬತ್ತು ತಿಂಗಳು ಈ ಮಾತನ್ನು ಗಂಟಲಲ್ಲೇ ಇಟ್ಟುಕೊಂಡಿದ್ದಾರೆ. "ಈ ಸಲ ಇನ್ನೂ ಚೆನ್ನಾಗಿ ಹಾಕಿದ್ರೆ ತಗೊಂಡು ಹೋಗ್ತಾರೇನೋ ಅಂತ."

ರಾತ್ರಿ ಎರಡು ಗಂಟೆಯ ಹೆಣಿಗೆ ಯಾಕೆ ಅಂತ ಆಗ ಅರ್ಥವಾಯಿತು. ನಾಲ್ಕು ಜನಕ್ಕೆ ಚಳಿಯಾಗುತ್ತೆ ಅಂತಲ್ಲ. ನನ್ನನ್ನು ಮರೆತಿಲ್ಲ ತಾನೆ ಎಂದು ಬಾಯಲ್ಲಿ ಕೇಳಲಾಗದ್ದನ್ನು ಉಣ್ಣೆಯಲ್ಲಿ ಕೇಳುತ್ತಿದ್ದರು. ನಮ್ಮ ಕಡೆಯ ತಾಯಂದಿರಲ್ಲಿ ಇದನ್ನು ಎಷ್ಟು ನೋಡಿದ್ದೇನೆ. ಹೋಳಿಗೆ, ಚಟ್ನಿಪುಡಿ, ಉಪ್ಪಿನಕಾಯಿ, ಎಲ್ಲದರಲ್ಲೂ ಕೇಳುತ್ತಾರೆ. ಬಾಯಿಬಿಟ್ಟು ಕೇಳುವುದಿಲ್ಲ.

ನಾನು ಕೊಟ್ಟ ಮುಖ್ಯ ಸಲಹೆ ಇದು: ಕೇಳಿ. ಊಹೆ ಬೇಡ. ಸ್ವೆಟರ್ ಯಾಕೆ ಬಿಟ್ಟು ಹೋದಿರಿ ಎಂದು ಕೇಳಿಬಿಡಿ, ಮಕ್ಕಳು ಬಂದ ಮೇಲಲ್ಲ, ಬರುವ ಮುಂಚೆ. ರಜದ ಮನೆಯಲ್ಲಿ ನೆಂಟರು, ಮಕ್ಕಳ ಗಲಾಟೆ, ಮೃಗಾಲಯ, ಬೃಂದಾವನ, ಅದರ ಮಧ್ಯೆ ಇಂಥ ಮಾತು ಆಡಿದರೆ ಜಗಳವಾಗುತ್ತೆ, ಇಲ್ಲಾ ಮುಚ್ಚಿಹೋಗುತ್ತೆ.

ಮಾತನ್ನು ಅಭ್ಯಾಸ ಮಾಡಿದೆವು. ಮೊದಲ ಸಲ ಅವರು ಹೇಳಿದ್ದು, "ಏನಿಲ್ಲಪ್ಪ, ನಿಮಗೆ ಇಷ್ಟ ಆಗಿಲ್ಲ ಅಂದ್ರೆ ಹಾಕೋದೇ ಬಿಟ್ಬಿಡ್ತೀನಿ." ಇದು ಪ್ರಶ್ನೆಯಲ್ಲ, ಚುಚ್ಚು ಮಾತು ಎಂದೆ. ಒಪ್ಪಿದರು. ನಾಲ್ಕೈದು ಸಲ ತಿದ್ದಿ ಕೊನೆಗೆ ನಿಂತದ್ದು: "ಹೋದ ಸಲ ನೀವು ಹೋದ ಮೇಲೆ ಬೀರುವಿನಲ್ಲಿ ಸ್ವೆಟರ್ ನೋಡಿದೆ. ನನಗೆ ಬೇಜಾರಾಯ್ತು. ಯಾಕೆ ಬಿಟ್ಟು ಹೋದ್ರಿ ಅಂತ ತಿಳ್ಕೋಬೇಕು, ಬೈಯೋಕಲ್ಲ." ಒಂದು ಕಾಗದದಲ್ಲಿ ಬರೆದುಕೊಂಡು ಹೋದರು.

ಉತ್ತರ ಬಂದದ್ದು ಸೊಸೆಯಿಂದ. ಫೋನಿನಲ್ಲಿ ಆ ಹುಡುಗಿ ಅತ್ತಳಂತೆ. ಅದಕ್ಕೂ ಹಿಂದಿನ ವರ್ಷದ ಸ್ವೆಟರ್‌ಗಳನ್ನು ಅಲ್ಲಿ ಮಾಮೂಲಿ ಬಟ್ಟೆಯ ಜೊತೆ ಬಿಸಿನೀರಿನ ಮೆಷಿನ್ನಿಗೆ, ಆಮೇಲೆ ಡ್ರೈಯರಿಗೆ ಹಾಕಿದ್ದಾಳೆ. ಶುದ್ಧ ಉಣ್ಣೆಯ ಎಳೆಯ ಮೇಲೆ ಮೀನಿನ ಮೈಯ ಹಾಗೆ ಹುರುಪೆ ಇರುತ್ತದೆ. ಬಿಸಿನೀರು, ಸೋಪು, ತಿರುಗಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕಂಬಳಿಯಂತೆ ಗಟ್ಟಿಯಾಗಿ ಕುಗ್ಗಿಬಿಡುತ್ತೆ, ಮತ್ತೆ ಹಿಗ್ಗುವುದಿಲ್ಲ. ಆಕ್ರಿಲಿಕ್ ದಾರವಾಗಿದ್ದರೆ ಹೀಗಾಗುತ್ತಿರಲಿಲ್ಲ. ಅಲ್ಲಿಯ ಚಳಿಗೆಂದು ಟೀಚರ್ ಜಾಸ್ತಿ ದುಡ್ಡು ಕೊಟ್ಟು ಶುದ್ಧ ಉಣ್ಣೆಯನ್ನೇ ತಂದಿದ್ದರು. ಮಗನ ಸ್ವೆಟರ್ ಮೊಮ್ಮಗನಿಗೂ ಆಗದಷ್ಟಾಗಿತ್ತು. ಸೊಸೆಗೆ ಹೇಳಲು ಹೆದರಿಕೆ. ಮುಂದಿನ ಸಲದ್ದು ಹಾಳಾಗಬಾರದು, ಮೈಸೂರಿಗೆ ಬಂದಾಗ ಹಾಕಿಕೊಂಡರಾಯಿತು ಎಂದು ಇಲ್ಲೇ ಇಟ್ಟು ಹೋಗಿದ್ದಾಳೆ.

ಇಷ್ಟೇ ಆಗಿದ್ದರೆ ಎಲ್ಲ ಸುಖಾಂತವಾಗುತ್ತಿತ್ತು. ಇನ್ನೂ ಒಂದು ಮಾತಿತ್ತು, ಅದನ್ನೂ ಆಕೆ ಹೇಳಿದಳು, ಹೇಳಿದ್ದು ಒಳ್ಳೆಯದಾಯಿತು. ಅಲ್ಲಿ ಮನೆ, ಸ್ಕೂಲು, ಕಾರು ಎಲ್ಲ ಬೆಚ್ಚಗಿರುತ್ತೆ, ಒಳಗೆ ಟೀ ಶರ್ಟ್ ಸಾಕು, ಹೊರಗೆ ಹೋದರೆ ದಪ್ಪ ಜಾಕೆಟ್ ಹಾಕಲೇಬೇಕು. ಸ್ವೆಟರಿಗೆ ಜಾಗವೇ ಕಡಿಮೆ. ಮೊಮ್ಮಗನಿಗಂತೂ ಉಣ್ಣೆ ಚುಚ್ಚುತ್ತೆ, ಅವನಿಗೆ ಇಷ್ಟವೇ ಇಲ್ಲ. ಈ ಮಾತು ಟೀಚರಿಗೆ ನೋವಾಯಿತು. ಆ ವಾರ ಬಂದವರು ಅರ್ಧ ಗಂಟೆ ಬರೀ ಮೊಮ್ಮಗನ ವಿಷಯವೇ ಮಾತಾಡಿದರು. ಅವನು ಸ್ವೆಟರ್ ಬೇಡ ಅಂದಿದ್ದು, ಅಜ್ಜಿ ಬೇಡ ಅಂದಿಲ್ಲ ಎಂದು ನಾನು ಹೇಳಿದೆ. ತಲೆಯಾಡಿಸಿದರು, ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. ಸೊಸೆ ಮಾತ್ರ ಏನು ಬೇಕೆಂದು ಬಾಯಿಬಿಟ್ಟು ಹೇಳಿದಳು: ತನಗೂ ಮಗಳಿಗೂ ಒಂದೊಂದು ಟೋಪಿ, ಮೆಷಿನ್ನಿಗೆ ಹಾಕಬಹುದಾದ ದಾರದಲ್ಲಿ. ದಿನಕ್ಕೆ 40 ನಿಮಿಷದ ಕೈಗೆ ಅದು ಸರಿಯಾದ ಕೆಲಸ.

ಇದನ್ನು ಓದುವ ಮಕ್ಕಳು, ಸೊಸೆಯರು, ಅಳಿಯಂದಿರು ಇದ್ದರೆ ನಿಮಗೂ ಒಂದು ಮಾತು. ಹೆಣೆದುಕೊಟ್ಟದ್ದು ಹಾಳಾದರೆ ಹೇಳಿಬಿಡಿ. ಬೇಡವಾಗಿದ್ದರೆ ಗಣೇಶನ ಹಬ್ಬಕ್ಕೆ ಮುಂಚೆ ಹೇಳಿ, ಡಿಸೆಂಬರ್‌ನಲ್ಲಿ ಬೀರುವಿನ ಕೆಳಗೆ ಬಚ್ಚಿಡಬೇಡಿ. ಹೆಣೆಯುವವರು ತಾವು ಇಟ್ಟದ್ದನ್ನೂ ನೀವು ಇಟ್ಟದ್ದನ್ನೂ ಹುಡುಕಿಯೇ ಹುಡುಕುತ್ತಾರೆ.

ಐದನೇ ಭೇಟಿಯಲ್ಲಿ ಬಟ್ಟೆ ಚೀಲ ತೆರೆದರು. ಅಷ್ಟು ದಿನ ಅದನ್ನು ತರುತ್ತಿದ್ದರು, ತೆಗೆಯುತ್ತಿರಲಿಲ್ಲ. ಒಳಗೆ ಬೂದು ಬಣ್ಣದ ಸ್ವೆಟರಿನ ಬೆನ್ನಿನ ಭಾಗ, ಕಂಕುಳ ತನಕ ಬಂದಿದೆ. ಯಜಮಾನರಿಗೆಂದು ಹಾಕುತ್ತಿದ್ದದ್ದು. 112 ಕುಣಿಕೆ. ಎಡಗೈ ಸೂಜಿಯಲ್ಲಿ 64, ಬಲಗೈ ಸೂಜಿಯಲ್ಲಿ 48. ಹೆಣಿಗೆ ಕಲಿಸುವವರು ಮೊದಲು ಹೇಳುವುದೇ ಸಾಲಿನ ಮಧ್ಯ ಬಿಟ್ಟು ಏಳಬೇಡ ಅಂತ, ಕುಣಿಕೆ ಜಗ್ಗುತ್ತೆ, ಜಾರುತ್ತೆ. ಅವತ್ತು ಆಸ್ಪತ್ರೆಯಿಂದ ಫೋನ್ ಬಂದಾಗ ಟೀಚರ್ ಹಾಗೇ ಎದ್ದು ಓಡಿದ್ದರು. ಮೂರು ವರ್ಷ ಆ ಸೂಜಿಗಳು ಅಲ್ಲೇ ಇದ್ದವು. ಬಿಟ್ಟ ಜಾಗದಲ್ಲಿ ಉಣ್ಣೆ ಸಣ್ಣಗೆ ಬಾಯಿಬಿಟ್ಟಂತೆ ಜಗ್ಗಿತ್ತು.

"ಮುಗಿಸ್ಲಾ, ಬಿಚ್ಲಾ ಮೇಡಂ? ಎಲ್ಲರೂ ಬಿಚ್ಚಿಬಿಡಿ ಅಂತಾರೆ."

ಎರಡೂ ಹೇಳಲಿಲ್ಲ. ದುಃಖದಲ್ಲಿರುವವರು ಕೆಲವು ದಿನ ಹೋದವರ ಕಡೆ ಮುಖ ಮಾಡುತ್ತಾರೆ, ಕೆಲವು ದಿನ ಬದುಕಿನ ಕಡೆ. ಹಾಗೆ ಆಚೆಗೂ ಈಚೆಗೂ ಓಡಾಡುವುದೇ ಸಹಜ ಎಂದು ಸ್ಟ್ರೋಬೆ ಮತ್ತು ಶೂಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1999ರಲ್ಲೇ ಬರೆದಿದ್ದಾರೆ, ನನ್ನ ಅನುಭವವೂ ಅದೇ. ಟೀಚರಿಗೆ ಹೇಳಿದ್ದು ಇಷ್ಟು: ಸಂಕ್ರಾಂತಿ ತನಕ ಇದರ ಬಗ್ಗೆ ಏನೂ ತೀರ್ಮಾನ ಮಾಡಬೇಡಿ. ಈ ಸಲ ಮಗ ಬಂದಾಗ ಇದನ್ನು ತೋರಿಸಿ. ಅಪ್ಪನ ತಿಥಿ ಮಾಡಿಸುತ್ತೀರಿ, ಅಪ್ಪನ ಬಗ್ಗೆ ಮಾತಾಡುತ್ತೀರಾ? ಇಲ್ಲ ಅಂದರು. ಅಮ್ಮ ಅತ್ತಾಳೆಂದು ಮಗ ಎತ್ತುವುದಿಲ್ಲ, ಮಗನ ರಜ ಹಾಳಾದೀತೆಂದು ಅಮ್ಮ ಎತ್ತುವುದಿಲ್ಲ. ಒಂದು ಸಂಜೆ ಐದಕ್ಕೆ ಜಗಲಿಯಲ್ಲಿ ಕೂರಿಸಿಕೊಳ್ಳಿ, ಮೊರದಲ್ಲಿ ಅವರೆಕಾಯಿ ಇಡಿ, ಸುಲಿಯಲು ಹೇಳಿ ಎಂದೆ. ಕೈಗೆ ಕೆಲಸವಿದ್ದರೆ ನಮ್ಮವರಿಗೆ ಬಾಯಿ ತೆರೆಯುವುದು ಸುಲಭ.

ಇನ್ನೂ ಒಂದು ವಿಷಯ ನಾನು ಪ್ರತಿ ಭೇಟಿಯಲ್ಲೂ ಗಮನಿಸುತ್ತಿದ್ದೆ, ಬದುಕೇ ಬೇಡ ಎನ್ನುವ ಮಾತು ಬರುತ್ತದಾ ಎಂದು. ನೇರವಾಗಿ ಕೇಳಿದ್ದೆ ಕೂಡ. ಬರಲಿಲ್ಲ. ಬಂದಿದ್ದರೆ ಅದೇ ದಿನ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ವರ್ಷ ಕಳೆದರೂ ದುಃಖ ಒಂದು ಚೂರೂ ಇಳಿಯದೆ ಊಟ, ನಿದ್ದೆ, ಓಡಾಟ ಎಲ್ಲ ನಿಂತಿದ್ದರೆ ಕಾಯಬೇಡಿ. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರ ಅಕ್ಟೋಬರ್‌ನಿಂದ ಇದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ.

ಜನವರಿ ಕೊನೆಗೆ ಟೀಚರ್ ಮತ್ತೆ ಬಂದರು. ಕೈಯ ಜೋಮು ಪೂರ್ತಿ ಹೋಗಿಲ್ಲ, ರಾತ್ರಿ ಏಳುವುದು ವಾರಕ್ಕೆ ಒಂದೆರಡು ಸಲಕ್ಕೆ ಇಳಿದಿದೆ. ಎರಡು ಟೋಪಿ ಮುಗಿದು ಮಿನಿಯಾಪೊಲಿಸ್‌ಗೆ ಹೋಗಿವೆ. ಮೊಮ್ಮಗನಿಗೆ ಏನೂ ಹೆಣೆಯಲಿಲ್ಲ, ಅವನ ಜೊತೆ ದಿನಾ ಚೌಕಾಬಾರ ಆಡಿದರಂತೆ. ಜಗಲಿಯ ಸಂಜೆ ಒಂದಲ್ಲ, ನಾಲ್ಕಾಯಿತಂತೆ. ಮಗ ಅವರೆಕಾಯಿ ಸುಲಿಯುವುದರಲ್ಲಿ ಅಪ್ಪನಷ್ಟು ಚುರುಕಲ್ಲ. ಎರಡನೇ ಸಂಜೆ ಚೀಲ ತೆಗೆದು ಆ ಬೂದು ಸ್ವೆಟರ್ ತೋರಿಸಿದಾಗ ಅವನು ಅದನ್ನು ತೊಡೆಯ ಮೇಲೆ ಹಾಕಿಕೊಂಡು ತುಂಬಾ ಹೊತ್ತು ಕೂತಿದ್ದನಂತೆ.

ಸಂಕ್ರಾಂತಿಯ ಮಾರನೇ ದಿನ, ಮಗನ ಮನೆಯವರು ಹೋಗಿ ಆಗಲೇ ವಾರವಾಗಿತ್ತು, ಎಳ್ಳು ಬೆಲ್ಲ ಬೀರಿದ ಡಬ್ಬಿಗಳನ್ನು ತೊಳೆದಿಟ್ಟು ಟೀಚರ್ ಐದು ಗಂಟೆಗೆ ಜಗಲಿಯಲ್ಲಿ ಕೂತಿದ್ದಾರೆ. ಉಳಿದಿದ್ದ 64 ಕುಣಿಕೆ ಹೆಣೆದು ಆ ಒಂದು ಸಾಲನ್ನು ಮಾತ್ರ ಮುಗಿಸಿದ್ದಾರೆ. ಆಮೇಲೆ 112 ಕುಣಿಕೆಯನ್ನೂ ಒಂದು ಬಿಳಿ ದಾರಕ್ಕೆ ಪೋಣಿಸಿ, ಎರಡು ತುದಿ ಸೇರಿಸಿ ಗಂಟು ಹಾಕಿ, ನುಸಿ ಹಿಡಿಯದ ಹಾಗೆ ಒಣಗಿದ ಬೇವಿನ ಎಲೆ ಹಾಕಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದಾರೆ. ಬಿಚ್ಚಿಲ್ಲ, ಮುಗಿಸಿಲ್ಲ.

ಸೂಜಿ ಮಾತ್ರ ಹೊರಗೆ ತೆಗೆದರು. ಅವು ಸಣ್ಣ ಸೂಜಿ, 10ನೇ ನಂಬರ್, ನಿಮ್ಮ ಕೈಗೆ ಬೇಡ ಎಂದೆ. "ನನಗಲ್ಲ ಮೇಡಂ, ಪಕ್ಕದ ಮನೆ ಹುಡುಗಿ ಕಲಿಸಿಕೊಡಿ ಅಂತ ಬಂದಿದಾಳೆ, ಅವಳಿಗೆ" ಅಂದರು.