ನೊಬೆಲ್ ಬಂದವರು ಹೇಳಿದರೆ ಸಾಕಾ?

ಕದ್ರಿಯ ನಿಮ್ಮ ಮಾವ ಕಳಿಸಿದ ವಿಡಿಯೊದಲ್ಲಿ, ನೊಬೆಲ್ ಬಂದ ಕ್ಯಾರಿ ಮುಲ್ಲಿಸ್ ಅವರೇ ಎಚ್‌ಐವಿಯಿಂದ ಏಡ್ಸ್ ಬರುವುದಿಲ್ಲ ಅಂದಿದ್ದಾರೆ, ನಂಬಬಹುದಾ ಅಂತ ಕೇಳಿದ್ದೀರಿ. ಅವರು ಹಾಗೆ ವಾದಿಸಿದ್ದು ಹೌದು. ಆದರೆ ಮಾರಾಯ್ರೇ, 1993ರ ಆ ನೊಬೆಲ್ ಬಂದದ್ದು ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ವಿಧಾನಕ್ಕೆ. ಕಣ್ಣಿನ ಡಾಕ್ಟರ ಹತ್ತಿರ ಹಲ್ಲು ಕೀಳಿಸಿಕೊಳ್ಳುತ್ತೀರಾ?

ಮಾವ ಡ್ಯೂಸ್‌ಬರ್ಗ್ ಹೆಸರು ತೆಗೆದರೆ ಮಾತ್ರ ಈ ಉತ್ತರ ಸಾಲದು. ಬರ್ಕ್ಲಿಯ ಆ ಪ್ರೊಫೆಸರ್ ಎಚ್‌ಐವಿ ಸೇರುವ ವೈರಸ್ ಗುಂಪಾದ ರೆಟ್ರೊವೈರಸ್‌ಗಳದ್ದೇ ತಜ್ಞ, ಅವರ ವಾದವೂ ಮುಲ್ಲಿಸ್ ಅವರದ್ದೇ. ಅಲ್ಲಿ ಡಿಗ್ರಿ ಬದಿಗಿಟ್ಟು ಪುರಾವೆ ನೋಡಬೇಕು: ವೈರಸ್ ತಡೆಯುವ ಮಾತ್ರೆ ಶುರುಮಾಡಿದರೆ ರೋಗಿಗಳು ಚೇತರಿಸಿಕೊಳ್ಳುತ್ತಾರೆ. 2000ದಲ್ಲಿ ದಕ್ಷಿಣ ಆಫ್ರಿಕಾದ ಅಧ್ಯಕ್ಷ ಎಂಬೆಕಿ ಡ್ಯೂಸ್‌ಬರ್ಗ್ ಅವರನ್ನು ಏಡ್ಸ್ ಸಲಹಾ ಸಮಿತಿಗೇ ಕರೆದರು. ಔಷಧಿ ಹಂಚುವುದು ತಡವಾಯಿತು. ಅದರಿಂದ ಸತ್ತವರು, ಹಾರ್ವರ್ಡ್ ಸಂಶೋಧಕರ ಅಂದಾಜಿನಲ್ಲಿ, 3.3 ಲಕ್ಷಕ್ಕೂ ಹೆಚ್ಚು.

ಮಾವನವರಿಗೆ ಇನ್ನೂ ಸಂಶಯ ಇದ್ದರೆ ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಯಲ್ಲಿ ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರದ ಡಾಕ್ಟರ ಹತ್ತಿರ ಒಮ್ಮೆ ಮಾತಾಡಲಿ.