ಸಿಂಧೂ ಮುದ್ರೆ ‘ಓದಿದ’ವರ ಗಮನಕ್ಕೆ

ಪ್ರಶ್ನೆ: ಮೊಹೆಂಜೊದಾರೊ ಅಣುಬಾಂಬಿಗೆ ಬಲಿಯಾಯಿತಂತೆ, ನಿಜವೇ?

ಉತ್ತರ: ಸುಳ್ಳು. ಅಲ್ಲಿನ ಇಟ್ಟಿಗೆ ಗೋಡೆಗಳು ಆಳೆತ್ತರ ನಿಂತೇ ಇವೆ. ಸಿಕ್ಕ ಅಸ್ಥಿಪಂಜರಗಳೂ ಒಂದೇ ದಿನ ಸತ್ತವರವಲ್ಲ, ಬೇರೆ ಬೇರೆ ಪದರದವು.

ಪ್ರಶ್ನೆ: ಸಿಂಧೂ ಲಿಪಿಯನ್ನು ನಾನು ಬಿಡಿಸಿದ್ದೇನೆ. ಹನ್ನೆರಡು ಮುದ್ರೆಗಳಲ್ಲಿ ಹಳಗನ್ನಡ ಸ್ಪಷ್ಟವಾಗಿ ಕಾಣುತ್ತಿದೆ. ಪರಿಶೀಲಿಸಿ ಅಭಿಪ್ರಾಯ ತಿಳಿಸುತ್ತೀರಾ?

ಉತ್ತರ: ಇಲ್ಲ. ಈ ಲಿಪಿ ಓದಿದವರಿಗೆ ತಮಿಳುನಾಡು ಸರ್ಕಾರ 2025ರ ಜನವರಿಯಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನ ಘೋಷಿಸಿದ ಮೇಲಂತೂ ಇದೇ ಪತ್ರ ಭಾಷೆಯ ಹೆಸರು ಬದಲಿಸಿಕೊಂಡು ಬರುತ್ತಲೇ ಇದೆ. ಒಮ್ಮೆ ಸಂಸ್ಕೃತ, ಒಮ್ಮೆ ತಮಿಳು, ಒಮ್ಮೆ ತುಳು, ಈಗ ಹಳಗನ್ನಡ. ನಿಮ್ಮ ಓದನ್ನು ನೀವೇ ಒರೆಗೆ ಹಚ್ಚಬಹುದು. ದಯವಿಟ್ಟು ಅದನ್ನು ಮಾಡಿ, ಆಮೇಲೆ ಬರೆಯಿರಿ.

ಮೊದಲು, ನೀವು ನೋಡಿದ್ದು ಮುದ್ರೆಯನ್ನೋ ಅದರ ಅಚ್ಚನ್ನೋ? ಮುದ್ರೆಗಳು ಬಹುಪಾಲು ಬಳಪದ ಕಲ್ಲಿನವು. ಸುಮಾರು ಒಂದಂಗುಲದ ಚೌಕ, ಹಿಂಬದಿಯಲ್ಲಿ ದಾರ ಪೋಣಿಸಲು ತೂತಿರುವ ಒಂದು ಉಬ್ಬು. ಹಸಿ ಜೇಡಿಮಣ್ಣಿನ ಮೇಲೆ ಒತ್ತಿದಾಗ ಸರಿಯಾಗಿ ಮೂಡಲೆಂದು ಕಲ್ಲಿನಲ್ಲಿ ಚಿಹ್ನೆಗಳನ್ನು ತಿರುಗುಮುರುಗಾಗಿ ಕೆತ್ತಿದ್ದಾರೆ. ಅಚ್ಚನ್ನು ಬಲದಿಂದ ಎಡಕ್ಕೆ ಓದಬೇಕು. ಇದು ಊಹೆಯಲ್ಲ. ಎಷ್ಟೋ ಲೇಖಗಳಲ್ಲಿ ಎಡತುದಿಗೆ ಬರುವಷ್ಟರಲ್ಲಿ ಜಾಗ ಸಾಲದೆ ಚಿಹ್ನೆಗಳು ಒತ್ತೊತ್ತಾಗಿವೆ. ಕಾಲಿಬಂಗಾದ ಒಂದು ಮಡಕೆ ಚೂರಿನಲ್ಲಿ ಎಡಗಡೆಯ ಚಿಹ್ನೆಯ ಗೀರು ಬಲಗಡೆಯದರ ಮೇಲೆ ಹಾದಿದೆ, ಅಂದರೆ ಬಲಗಡೆಯದನ್ನೇ ಮೊದಲು ಬರೆದದ್ದು. ಅಪವಾದಗಳು ಕೆಲವೇ ಕೆಲವು. ಪುಸ್ತಕ, ಜಾಲತಾಣಗಳಲ್ಲಿ ಮುದ್ರೆಯ ಫೋಟೊ, ಅಚ್ಚಿನ ಫೋಟೊ ಎರಡೂ ಕಲಸಿಹೋಗಿರುತ್ತವೆ. ನೀವು ಕಳಿಸಿರುವ ಹಾಳೆಯಲ್ಲೇ ಕೆಲವು ಚಿತ್ರ ಕಲ್ಲಿನವು, ಕೆಲವು ಅಚ್ಚಿನವು, ಓದಿದ್ದು ಮಾತ್ರ ಎಲ್ಲವನ್ನೂ ಎಡದಿಂದ ಬಲಕ್ಕೆ. ಅಲ್ಲಿಗೆ ಅರ್ಧ ಓದು ತಲೆಕೆಳಗಾಯಿತು.

ಎರಡನೆಯದು, ಚಿಹ್ನೆಗಳ ಪಟ್ಟಿ. ಲಿಪಿತಜ್ಞ ಐರಾವತಂ ಮಹಾದೇವನ್ 1977ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 417 ಚಿಹ್ನೆಗಳಿವೆ. ಅದನ್ನೋ ಫಿನ್ಲೆಂಡಿನ ವಿದ್ವಾಂಸ ಆಸ್ಕೊ ಪಾರ್ಪೊಲಾ ಅವರದನ್ನೋ ಮುಂದಿಟ್ಟುಕೊಳ್ಳಿ, ಸ್ವಂತ ಪಟ್ಟಿ ಬೇಡ. ಮೀನಿನ ಚಿಹ್ನೆ ಬೇರೆ, ತಲೆಯ ಮೇಲೆ ಸೂರು ಹೊತ್ತ ಮೀನು ಬೇರೆ. ಅನುಕೂಲವಾದಾಗ ಎರಡನ್ನೂ ಒಂದು ಮಾಡುವುದು, ಅನುಕೂಲವಾಗದಿದ್ದಾಗ ಒಂದೇ ಚಿಹ್ನೆಯನ್ನು ಸೀಳಿ ಕಾಗುಣಿತ ಮಾಡುವುದು ಈ ರೋಗದ ಮಾಮೂಲಿ ಲಕ್ಷಣ.

ಈಗ ಮುಖ್ಯವಾದದ್ದು. ಸಾಮಾನ್ಯ ಲೇಖವೊಂದರಲ್ಲಿ ಇರುವುದು ಸುಮಾರು ಐದೇ ಚಿಹ್ನೆ. ಇಪ್ಪತ್ತು ದಾಟುವುದು ತೀರ ಅಪರೂಪ. ಒಂದು ಚಿಹ್ನೆಗೆ ನಾಲ್ಕು ಉಚ್ಚಾರಣೆಯ ಅವಕಾಶ ಇಟ್ಟುಕೊಂಡಿರೋ, ಐದು ಚಿಹ್ನೆಯ ಲೇಖಕ್ಕೆ 1,024 ಓದುಗಳು ಸಾಧ್ಯ. ಮೇಲೆ ಸ್ವರಗಳನ್ನು ಬೇಕಾದಲ್ಲಿ ತುಂಬುವ ಸ್ವಾತಂತ್ರ್ಯ ಬೇರೆ! ಅಷ್ಟರಲ್ಲಿ ಹಳಗನ್ನಡವೇನು, ಹಂಗೇರಿಯನ್ ಕೂಡ ಹೊರಡುತ್ತದೆ. ಆದ್ದರಿಂದ ಹೀಗೆ ಮಾಡಿ: ಒಂದು ಚಿಹ್ನೆಗೆ ಒಂದೇ ಬೆಲೆ, ಅಂದರೆ ಒಂದೇ ಉಚ್ಚಾರಣೆ, ಎಂದು ಬರೆದಿಟ್ಟು ದಿನಾಂಕ ಹಾಕಿ. ನೀವು ಈವರೆಗೆ ಮುಟ್ಟದ ಐವತ್ತು ಲೇಖಗಳನ್ನು ಪ್ರಕಟಿತ ಲೇಖಗಳ ಪಟ್ಟಿಯಿಂದ ಆರಿಸಿ, ಆದರೆ ಇಷ್ಟವಾದದ್ದನ್ನಲ್ಲ, ಪ್ರತಿ ಐವತ್ತನೆಯದನ್ನು. ಒಂದು ಬೆಲೆಯನ್ನೂ ಬದಲಿಸದೆ ಓದಿ. ಬಳಿಕ ಅವೇ ಲೇಖಗಳನ್ನು ಹಿಂದುಮುಂದಾಗಿ ಓದಿ. ಹಾಗೂ ಅರ್ಥ ಬಂದರೆ ಆ ಅರ್ಥ ಬಂದದ್ದು ಲೇಖದಿಂದಲ್ಲ, ನಿಮ್ಮಿಂದ.

ಕೊನೆಗೆ ಹಿಡಿಗಳಿರುವ ಪಾತ್ರೆಯಂಥ ಚಿಹ್ನೆ ನೋಡಿ. ಎಲ್ಲಕ್ಕಿಂತ ಹೆಚ್ಚು ಸಲ ಬರುವುದು ಅದೇ, ಅದೂ ಬಹುತೇಕ ಲೇಖದ ಕೊನೆಯಲ್ಲಿ. ಪ್ರತ್ಯಯವೋ ಪದವಿಸೂಚಕವೋ ಎಂದು ವಿದ್ವಾಂಸರು ವಾದಿಸುತ್ತಿದ್ದಾರೆ. ನಿಮ್ಮ ಓದಿನಲ್ಲಿ ಅದು ‘ಶಿವ’. ಹಾಗಾದರೆ ನೂರಾರು ಲೇಖಗಳು ಶಿವ ಎಂದೇ ಮುಗಿಯುವುದೇಕೆ? ಉತ್ತರ ಬೇಕು.

ಒಂದೇ ವಿಷಯವನ್ನು ಈ ಲಿಪಿಯಲ್ಲೂ ನಮಗೆ ಓದಲು ಬರುವ ಇನ್ನೊಂದು ಲಿಪಿಯಲ್ಲೂ ಬರೆದ ದ್ವಿಭಾಷಾ ಲೇಖ ಇನ್ನೂ ಸಿಕ್ಕಿಲ್ಲ. ಸಿಕ್ಕರೆ ಮೆಸೊಪೊಟೇಮಿಯ (ಇಂದಿನ ಇರಾಕ್) ಕಡೆ ಸಿಗುವ ಸಂಭವ ಹೆಚ್ಚು ಎಂಬುದು ನನ್ನ ಎಣಿಕೆ. ಮೆಲುಹ್ಹ ಎಂದರೆ ಅಲ್ಲಿನವರು ಸಿಂಧೂ ನಾಡನ್ನು ಕರೆದ ಹೆಸರು ಎಂದು ಬಹುತೇಕ ವಿದ್ವಾಂಸರ ಅಭಿಪ್ರಾಯ. ಆ ಮೆಲುಹ್ಹದ ಭಾಷೆಗೆ ದುಭಾಷಿಯಾಗಿದ್ದ ಶು-ಇಲಿಶು ಎಂಬವನ ಮುದ್ರೆ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಅಂಥವನಿಗೆ ಅಲ್ಲಿ ಕೆಲಸವಿತ್ತು ಅಂದಮೇಲೆ ಎರಡು ಭಾಷೆಯ ಬರಹವೂ ಇದ್ದಿರಬೇಕು. ಸಿಂಧೂ ಲಿಪಿ ಭಾಷೆಯ ಬರಹವೇ ಅಲ್ಲ ಎಂದು 2004ರಲ್ಲಿ ಮೂವರು ವಿದ್ವಾಂಸರು ವಾದಿಸಿದರು. ನಾನು ಒಪ್ಪುವುದಿಲ್ಲ, ಆದರೆ ಅವರ ಲೆಕ್ಕಾಚಾರ ಓದದೆ ಲಿಪಿಗೆ ಕೈಹಾಕಬೇಡಿ.

ಪ್ರಶ್ನೆ: ಹರಪ್ಪದವರ ಚಿನ್ನ ನಮ್ಮ ಕೋಲಾರದ್ದೇ ತಾನೆ?

ಉತ್ತರ: ಮೊಹೆಂಜೊದಾರೊ ಉತ್ಖನನದ ಬಗ್ಗೆ 1931ರಲ್ಲಿ ಬಂದ ಮಾರ್ಷಲ್ ವರದಿಯ ಕಾಲದ ಊಹೆ. ಅಲ್ಲಿನ ಚಿನ್ನದಲ್ಲಿ ಬೆಳ್ಳಿ ಬೆರೆತಿದೆ ಎಂಬುದೇ ಅದಕ್ಕೆ ಆಧಾರ. ಆದರೆ ಬೆಳ್ಳಿ ಬೆರೆತ ಚಿನ್ನ ಕೋಲಾರವೊಂದರಲ್ಲೇ ಸಿಗುವುದಲ್ಲ.

ಪ್ರಶ್ನೆ: ಹರಿಯಾಣದ ಹರಪ್ಪ ನೆಲೆ ರಾಖೀಗಢಿಯ ಡಿಎನ್ಎ ಬಂದ ಮೇಲೆ ಆರ್ಯರ ವಲಸೆ ಸುಳ್ಳೆಂದು ಸಾಬೀತಾಯಿತಲ್ಲ?

ಉತ್ತರ: ಆಗಲಿಲ್ಲ. 2019ರ ಆ ಅಧ್ಯಯನದಲ್ಲಿರುವುದು ಒಬ್ಬ ಹೆಂಗಸಿನ ಡಿಎನ್ಎ. ಅದರಲ್ಲಿ ಆರ್ಯರ ವಲಸೆಯ ಜೊತೆ ತಳುಕು ಹಾಕುವ, ಮಧ್ಯ ಏಷ್ಯದ ಕಡೆಯ ಹುಲ್ಲುಗಾವಲು ಸೀಮೆಯವರ ಅಂಶವಿಲ್ಲ. ಆ ಅಂಶ ಇಲ್ಲಿಗೆ ಬಂದದ್ದು ಕ್ರಿ.ಪೂ. 2000–1500ರ ನಡುವೆ ಎಂದು ಅದೇ ತಿಂಗಳು ಪ್ರಕಟವಾದ ಇನ್ನೊಂದು ಪ್ರಬಂಧ ಹೇಳುತ್ತದೆ. ಎರಡನ್ನೂ ಓದಿ, ವಾಟ್ಸ್‌ಆ್ಯಪ್ ಸಾರಾಂಶ ಬೇಡ.

ಪ್ರಶ್ನೆ: ಬಳ್ಳಾರಿ ಕಡೆಯ ಬೂದಿದಿಬ್ಬ ಜ್ವಾಲಾಮುಖಿಯದ್ದೋ, ವಾಲಿಯ ಚಿತೆಯದ್ದೋ?

ಉತ್ತರ: ಸಗಣಿಯದ್ದು. ಕುಡತಿನಿ, ಹಂಪಿ ಬಳಿಯ ನಿಂಬಾಪುರ, ಸುರಪುರ ಸೀಮೆಯ ಬೂದಿಹಾಳ, ಎಲ್ಲ ಕಡೆಯೂ ನವಶಿಲಾಯುಗದ ದನಗಾಹಿಗಳು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟದ್ದು. ಕಾವು ಹೆಚ್ಚಿದ ಕಡೆ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗಿದೆ. ಜ್ವಾಲಾಮುಖಿಯೆಂಬ ಭ್ರಮೆ ಹುಟ್ಟುವುದು ಅದರಿಂದಲೇ. ತೆಲಂಗಾಣದ ಉತ್ನೂರಿನಲ್ಲಿ ಪದರಗಳ ನಡುವೆ ದನದ ಗೊರಸಿನ ಗುರುತುಗಳೇ ಸಿಕ್ಕವು. ಹೊಲಕ್ಕೆ ಹಾಕಲೆಂದು ಬೂದಿಯನ್ನು ಟ್ರ್ಯಾಕ್ಟರಿನಲ್ಲಿ ಹೊತ್ತೊಯ್ಯುವುದು ಕಂಡರೆ, ಕತ್ತರಿಸಿದ ಬದಿಗೆ ಅಳತೆಪಟ್ಟಿ ಹಿಡಿದು ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ಅಲ್ಲಿ ಬಿದ್ದ ಕಲ್ಲುಕೊಡಲಿಯನ್ನು ಮನೆಗೆ ತರಬೇಡಿ. ಯಾವ ಪದರದ್ದೆಂದು ಗೊತ್ತಿಲ್ಲದ ಕೊಡಲಿಯಿಂದ ಅದರ ಕಾಲ ಹೇಳಲಾಗದು.