ವಾದ್ಯವೃಂದಕ್ಕೆ ಎಂಥ ಕಂಪ್ಯೂಟರ್?

ಪ್ರಶ್ನೆ: ಮೇಡಂ, ನಮ್ಮ ತಂದೆ ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಾರೆ. ನಾನು ಕಿರುಚಿತ್ರಗಳಿಗೆ ಹಿನ್ನೆಲೆ ಸಂಗೀತ ಮಾಡುತ್ತೇನೆ. ಪಿಟೀಲು, ಚೆಲ್ಲೊ, ಟ್ರಂಪೆಟ್, ಟಿಂಪನಿ ಎಲ್ಲ ಸೇರಿದ ದೊಡ್ಡ ವಾದ್ಯವೃಂದದ ಧ್ವನಿ ನನಗೆ ಬೇಕು. ಈಗಿರುವ 8 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಹತ್ತು ಟ್ರ್ಯಾಕ್ ದಾಟಿದರೆ ಚಟಪಟ ಸದ್ದು ಬಂದು ಸಂಗೀತ ನಿಂತೇ ಹೋಗುತ್ತದೆ. 1,20,000 ರೂಪಾಯಿ ಕೂಡಿಟ್ಟಿದ್ದೇನೆ. ಅಂಗಡಿಯವರು 16 ಜಿಬಿ ರ‍್ಯಾಮ್, 8 ಜಿಬಿ ಗ್ರಾಫಿಕ್ಸ್ ಕಾರ್ಡ್ ಇರುವ ಗೇಮಿಂಗ್ ಲ್ಯಾಪ್‌ಟಾಪ್ ತೆಗೆದುಕೊಳ್ಳಿ ಎನ್ನುತ್ತಾರೆ. ಮಂಡ್ಯದಲ್ಲಿ ಕುಳಿತು ನಿನಗೆ ಇದೆಲ್ಲ ಯಾಕೆ ಎನ್ನುವವರೂ ಇದ್ದಾರೆ. ಏನು ಮಾಡಲಿ?
— ಓದುಗ, ಮಂಡ್ಯ

ಉತ್ತರ: ಆ ಲ್ಯಾಪ್‌ಟಾಪ್ ಕೊಳ್ಳಬೇಡಿ. ಅದರ ಬೆಲೆಯಲ್ಲಿ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿನದು, ನಿಮ್ಮ ಪಿಟೀಲುಗಳಿಗೆ ಅದರಿಂದ ಪ್ರಯೋಜನವಿಲ್ಲ. ಕಾರ್ಡಿನ 8 ಜಿಬಿಯಲ್ಲಿ ವಾದ್ಯಗಳ ಧ್ವನಿಮುದ್ರಣದ ತುಣುಕುಗಳು, ಅಂದರೆ ಸ್ಯಾಂಪಲ್‌ಗಳು, ಹೋಗಿ ಕೂರುವುದಿಲ್ಲ. ವಿಡಿಯೊ ಸಂಕಲನವನ್ನೂ ನೀವೇ ಮಾಡುವುದಾದರೆ ಮಾತ್ರ ಆ ಮಾತು ಬೇರೆ.

ನಿಮ್ಮ ಯಂತ್ರ ಎಲ್ಲಿ ಸೋಲುತ್ತಿದೆ ಎನ್ನುವುದು ತಿಳಿದರೆ ಹಣ ಎಲ್ಲಿಗೆ ಹೋಗಬೇಕು ಎನ್ನುವುದೂ ತಿಳಿಯುತ್ತದೆ. ವಾದ್ಯವೃಂದದ ಸ್ಯಾಂಪಲ್ ಲೈಬ್ರರಿ ಎಂದರೆ ನಿಜವಾದ ವಾದಕರು ನುಡಿಸಿದ ಒಂದೊಂದು ಸ್ವರದ ಧ್ವನಿಮುದ್ರಣ. ಅದೇ ಸ್ವರವನ್ನು ಮೆಲ್ಲಗೆ, ಜೋರಾಗಿ, ಕಮಾನು ಎಳೆದು, ಬೆರಳಿನಿಂದ ಮೀಟಿ, ನಡುಗಿಸಿ, ಹಲವು ಮೈಕುಗಳಲ್ಲಿ ಹಿಡಿದಿರುತ್ತಾರೆ. ಸ್ಪಿಟ್‌ಫೈರ್ ಕಂಪನಿಯ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ ಲೈಬ್ರರಿಯನ್ನೇ ನೋಡಿ: ಡಿಸ್ಕವರ್ ಎಂಬ ಚಿಕ್ಕ ಆವೃತ್ತಿ ಕೆಲವೇ ನೂರು ಎಂಬಿ, ಕೋರ್ ಸುಮಾರು 28 ಜಿಬಿ, ಎಲ್ಲ ಮೈಕುಗಳೂ ಇರುವ ಪ್ರೊಫೆಷನಲ್ ಸುಮಾರು 600 ಜಿಬಿ.

ಇಷ್ಟೆಲ್ಲ ರ‍್ಯಾಮ್‌ನಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಸ್ಯಾಂಪಲ್ ನುಡಿಸುವ ಕಾಂಟ್ಯಾಕ್ಟ್‌ನಂಥ ತಂತ್ರಾಂಶ ಪ್ರತಿ ಸ್ಯಾಂಪಲ್‌ನ ತಲೆಭಾಗವನ್ನಷ್ಟೇ ರ‍್ಯಾಮ್‌ಗೆ ತಂದಿಟ್ಟುಕೊಳ್ಳುತ್ತದೆ, ಉಳಿದದ್ದನ್ನು ನುಡಿಸುವಾಗ ಡಿಸ್ಕಿನಿಂದ ಎಳೆದುಕೊಳ್ಳುತ್ತದೆ. ನಿಮ್ಮ ನಾಟಕಗಳಲ್ಲಿ ಪಾತ್ರಧಾರಿ ಮೊದಲ ಸಾಲು ಹೇಳುವಷ್ಟರಲ್ಲಿ ಪರದೆಯ ಹಿಂದಿನವರು ಮುಂದಿನ ಸಾಲು ಒದಗಿಸುವಂತೆ. ಕಾಂಟ್ಯಾಕ್ಟ್‌ನಲ್ಲಿ ಈ ತಲೆಭಾಗ ಸಾಮಾನ್ಯವಾಗಿ 60 ಕಿಲೋಬೈಟ್. 24 ಬಿಟ್ ಸ್ಟೀರಿಯೊ ಧ್ವನಿಗೆ ಲೆಕ್ಕ ಹಾಕಿದರೆ ಕಾಲು ಸೆಕೆಂಡಿಗೂ ತುಸು ಕಡಿಮೆ. ಹತ್ತು ಸಾವಿರ ಸ್ಯಾಂಪಲ್ ತೆರೆದರೆ ತಲೆಭಾಗಗಳೇ 600 ಎಂಬಿ ತಿನ್ನುತ್ತವೆ, ದೊಡ್ಡ ವಾದ್ಯವೃಂದದಲ್ಲಿ ಸ್ಯಾಂಪಲ್‌ಗಳು ಲಕ್ಷ ದಾಟುವುದು ವಿಶೇಷವಲ್ಲ. ನಿಮ್ಮ 8 ಜಿಬಿಯಲ್ಲಿ ವಿಂಡೋಸ್ ತನ್ನ ಪಾಲು ತೆಗೆದುಕೊಂಡ ಮೇಲೆ ಉಳಿಯುವುದೆಷ್ಟು? ಅಂಗಡಿಯವರ 16 ಜಿಬಿಯೂ ಬೇಗ ತುಂಬುತ್ತದೆ.

ಹಳೆಯ ಲ್ಯಾಪ್‌ಟಾಪ್‌ನಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ತೊಂದರೆ ಇಮ್ಮಡಿ. ಅದರ ಮುಳ್ಳು ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಲು ಸುಮಾರು 10 ಮಿಲಿಸೆಕೆಂಡ್ ಬೇಕು. ಏಕಕಾಲಕ್ಕೆ ಇನ್ನೂರು ಸ್ವರಗಳು ಕರೆದರೆ ಅದು ಎಷ್ಟು ಕಡೆ ಓಡೀತು? ನಿಮಗೆ ಕೇಳಿಸುವ ಚಟಪಟ ಬಹುಮಟ್ಟಿಗೆ ಅದೇ.

ಆದ್ದರಿಂದ ನನ್ನ ಸಲಹೆ ಡೆಸ್ಕ್‌ಟಾಪ್. ಅಂಗಡಿಯಲ್ಲಿ ಭಾಗಗಳನ್ನು ಆರಿಸಿ ಜೋಡಿಸಿಕೊಳ್ಳಿ. ರ‍್ಯಾಮ್ 64 ಜಿಬಿ, ಅದೂ 32ರ ಎರಡು ಪಟ್ಟಿಗಳು. ಮದರ್‌ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇರಲೇಬೇಕು ಎಂದು ಹಟ ಹಿಡಿಯಿರಿ. ನಾಳೆ ಬೇಕೆನಿಸಿದಾಗ ಇನ್ನೆರಡು ಸೇರಿಸಬಹುದು. ಡಿಡಿಆರ್5 ಎಂಬ ಹೊಸ ಬಗೆಯ ರ‍್ಯಾಮ್‌ನಲ್ಲಿ ನಾಲ್ಕೂ ತುಂಬಿದರೆ ವೇಗ ಇಳಿಯುತ್ತದೆ, ಈ ಕೆಲಸಕ್ಕೆ ಅದು ದೊಡ್ಡ ನಷ್ಟವಲ್ಲ. ರ‍್ಯಾಮ್ ಬೆಲೆ ಏರಿಳಿಯುತ್ತಿರುತ್ತದೆ, ಹಾಗಾಗಿ ಕೊಳ್ಳುವ ದಿನದ ದರಪಟ್ಟಿಯನ್ನೇ ಕೇಳಿ. 64 ಕೈಗೆಟುಕದಿದ್ದರೆ 32ರ ಒಂದೇ ಪಟ್ಟಿಯಿಂದ ಶುರು ಮಾಡಿ. 16ರ ಎರಡು ಹಾಕಿಸಿ ಸ್ಲಾಟ್ ಹಾಳು ಮಾಡಿಕೊಳ್ಳಬೇಡಿ.

ಡಿಸ್ಕ್ ಎರಡಿರಲಿ: ವಿಂಡೋಸ್‌ಗೆ 500 ಜಿಬಿಯದು, ಲೈಬ್ರರಿಗೇ ಮೀಸಲಾಗಿ 2 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್. ಎಸ್‌ಎಸ್‌ಡಿ ಬಂದ ಮೇಲೆ ಕಾಂಟ್ಯಾಕ್ಟ್‌ನ ಆ 60 ಕಿಲೋಬೈಟನ್ನು ಹಂತಹಂತವಾಗಿ ಇಳಿಸಿ ನೋಡಿ. ಸದ್ದು ಒಡೆಯದಿರುವಷ್ಟು ಇಳಿಸಿದರೆ ರ‍್ಯಾಮ್ ದಂಡಿಯಾಗಿ ಉಳಿಯುತ್ತದೆ.

ಪ್ರೊಸೆಸರ್‌ನಲ್ಲಿ ಕೋರ್‌ಗಳ ಸಂಖ್ಯೆಗೆ ಮರುಳಾಗಬೇಡಿ. ಒಂದು ಟ್ರ್ಯಾಕಿನ ವಾದ್ಯ, ಅದರ ಮೇಲಿನ ಇಫೆಕ್ಟ್‌ಗಳು ಸರಪಳಿಯಾಗಿ ಸಾಮಾನ್ಯವಾಗಿ ಒಂದೇ ಕೋರ್‌ನಲ್ಲಿ ನಡೆಯುತ್ತವೆ. ಬಫರ್ (ಒಮ್ಮೆಗೆ ಸಿದ್ಧವಾಗುವ ಧ್ವನಿಯ ತುಂಡು) 256 ಬಿಂದು, ಧ್ವನಿಯ ದರ ಸೆಕೆಂಡಿಗೆ 48,000 ಬಿಂದು ಇದ್ದರೆ ಆ ಕೆಲಸ ಪ್ರತಿಸಲವೂ 5.3 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಹಾಗಾಗಿ ಒಂದೊಂದು ಕೋರ್ ವೇಗವಾಗಿರುವ, ಎಂಟು ಕೋರ್‌ಗಳ ಮಧ್ಯಮ ದರ್ಜೆಯದು ಸಾಕು. ಒಳಗೇ ಗ್ರಾಫಿಕ್ಸ್ ಇರುವುದನ್ನು ಆರಿಸಿ. ಇಂಟೆಲ್ ಹೆಸರಿನ ಕೊನೆಗೆ ಎಫ್ ಅಕ್ಷರವಿದ್ದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಮಿಕ್ಕ ಹಣದಲ್ಲಿ ಸ್ವಂತ ಎಎಸ್ಐಒ ಡ್ರೈವರ್ (ಧ್ವನಿ ತಡವಾಗದಂತೆ ನೋಡಿಕೊಳ್ಳುವ ತಂತ್ರಾಂಶ) ಇರುವ, ಧ್ವನಿಯನ್ನು ಒಳಗೆ ಹೊರಗೆ ಸಾಗಿಸುವ ಚಿಕ್ಕ ಆಡಿಯೊ ಇಂಟರ್‌ಫೇಸ್ ಪೆಟ್ಟಿಗೆ, ಒಂದು ಯುಪಿಎಸ್. ರಾತ್ರಿಯೆಲ್ಲ ಕೂತು ಕಟ್ಟಿದ ಸಂಗೀತ ಕರೆಂಟ್ ಹೋದ ಗಳಿಗೆಯಲ್ಲಿ ಕಳೆದುಹೋಗುವುದು ಯಾರಿಗೂ ಬೇಡ.

ಮಂಡ್ಯದಲ್ಲಿ ಯಾಕೆ ಎನ್ನುವವರಿಗೆ ಪಕ್ಕದ ಮೈಸೂರಿನ ಕಥೆ ಹೇಳಿ. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು ಜಯಚಾಮರಾಜ ಒಡೆಯರ್. ರಷ್ಯಾದ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದವರೂ ಅವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಅವರಿಗೆ ಅರ್ಪಿಸಿದರು. ದಸರೆಯ ರಾತ್ರಿ ಬನ್ನಿಮಂಟಪದಲ್ಲಿ ಪೊಲೀಸ್ ಬ್ಯಾಂಡಿನ ಹಿತ್ತಾಳೆ ವಾದ್ಯಗಳು ಒಟ್ಟಿಗೆ ಎದ್ದಾಗ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಈ ನಾದ ನಮ್ಮ ಸೀಮೆಗೆ ಹೊಸದಲ್ಲ, ನೀವು ಧೈರ್ಯವಾಗಿ ಬರೆಯಿರಿ.

ಕಂಪ್ಯೂಟರ್ ಬರುವವರೆಗೆ ಮುಗಿದ ಟ್ರ್ಯಾಕ್‌ಗಳನ್ನು ಫ್ರೀಜ್ ಮಾಡುತ್ತಾ, ಅಂದರೆ ಸಿದ್ಧ ಧ್ವನಿ ಕಡತವಾಗಿ ಬದಲಿಸುತ್ತಾ ಹೋಗಿ, ಬಳಸದ ಸ್ಯಾಂಪಲ್‌ಗಳನ್ನು ಪರ್ಜ್ ಮಾಡಿ, ಅಂದರೆ ರ‍್ಯಾಮ್‌ನಿಂದ ಹೊರಹಾಕಿ. ಉಚಿತವಾಗಿ ಸಿಗುವ ಮ್ಯೂಸ್‌ಸ್ಕೋರ್ 4ರಲ್ಲಿ ವಾದ್ಯವೃಂದಕ್ಕೆ ಸ್ವರಲಿಪಿ ಬರೆಯುವ ಅಭ್ಯಾಸವನ್ನೂ ಈಗಲೇ ಆರಂಭಿಸಬಹುದು.

ಪ್ರಶ್ನೆ: ಇದೇ ಕೆಲಸಕ್ಕೆ 16 ಜಿಬಿಯ ಆ್ಯಪಲ್ ಕಂಪನಿಯ ಮ್ಯಾಕ್ ಮಿನಿ ಕೊಂಡು ಆಮೇಲೆ ರ‍್ಯಾಮ್ ಹೆಚ್ಚಿಸಿಕೊಳ್ಳಬಹುದೇ?
— ಓದುಗಿ, ಕುವೆಂಪುನಗರ, ಮೈಸೂರು

ಉತ್ತರ: ಆಗದು. ಈಗಿನ ಮ್ಯಾಕ್‌ಗಳಲ್ಲಿ ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ಯಂತ್ರ ಚೆನ್ನಾಗಿದೆ, ಸದ್ದೂ ಕಡಿಮೆ, ವಿಂಡೋಸ್‌ನಲ್ಲಿ ಓಡದ ಲಾಜಿಕ್ ಪ್ರೊ ಎಂಬ ಸಂಗೀತ ತಂತ್ರಾಂಶವೂ ಅದರಲ್ಲಿ ಓಡುತ್ತದೆ. ನಾಲ್ಕಾರು ವಾದ್ಯಗಳ ಕೆಲಸಕ್ಕೆ 16 ನಡೆದೀತು, ಪೂರ್ಣ ವಾದ್ಯವೃಂದಕ್ಕೆ ಕನಿಷ್ಠ 32 ಜಿಬಿಯದನ್ನು ಮೊದಲೇ ಆರಿಸಿ. ಒಳಗಿನ ಡಿಸ್ಕಿಗೆ ಹೆಚ್ಚು ಸುರಿಯಬೇಡಿ. ಲೈಬ್ರರಿಗಳನ್ನು ಸೆಕೆಂಡಿಗೆ 10 ಗಿಗಾಬಿಟ್ ವೇಗದ ಹೊರಗಿನ ಎಸ್‌ಎಸ್‌ಡಿಯಲ್ಲಿ ಇಟ್ಟರೂ ಸರಾಗವಾಗಿ ನುಡಿಯುತ್ತವೆ.